ರೇಡಿಯೋ ಹೇಳಿದ ಕೊಯಿನಾ

ಮೊನ್ನೆ ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿಯೊಂದರ ಮುಂದೆ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಅಂಗಡಿಯವನು ಯಾರ ಮನೆಯದೋ ಹಳೇ ವಾಲ್ವ್ ಸೆಟ್ಟೊಂದನ್ನು ಬಿಚ್ಚಿಟ್ಟುಕೊಂಡು ಚಾಲೂ ಮಾಡಿದ. ಅದು ಬಿಸಿಯಾಗುತ್ತಿದ್ದ ಹಾಗೆ ಒಳಗಿನ ಧೂಳು ಬೆಂದ ವಾಸನೆ, ಕರಗಿದ ಮೇಣದ ವಾಸನೆ ಎರಡೂ ಸೇರಿ ಮೂಗಿಗೆ ಬಡಿಯಿತು. ಪಕ್ಕದಲ್ಲಿ ನಿಂತವರಿಗೆ ಅದು ಗೊತ್ತೂ ಆಗಲಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಮೂವತ್ತು ವರ್ಷದ ಮೇಲಾಯಿತು, ಆ ಸಿಟ್ಟು ಇನ್ನೂ ಇಳಿದಿಲ್ಲ ಅಂತ ಆಗಲೇ ಗೊತ್ತಾದದ್ದು. ಯಾರ ಮೇಲಿನ ಸಿಟ್ಟು ಅಂತ ಕೇಳಿದರೆ ಹೇಳುತ್ತೇನೆ, ಸ್ವಲ್ಪ ತಾಳಿ.

ಜಪಾನಿನವರು ಜಾವಾ ದ್ವೀಪ ಹಿಡಿದ ಮರುವರ್ಷದ ಬೇಸಗೆ ಅದು. ಬಣಕಲ್‌ನಿಂದ ಮೂರು ಮೈಲಿ ಒಳಗಿನ ಒಂದು ಹಳ್ಳಿಯಲ್ಲಿ ನಾನು ಮೇಷ್ಟ್ರಾಗಿದ್ದೆ. ಹಳ್ಳಿಯ ಹೆಸರು ಬರೆಯುವುದಿಲ್ಲ, ಬರೆದರೆ ಅಲ್ಲಿಯವರು ಈಗಲೂ ನನ್ನ ಮೇಲೆ ಏರಿ ಬಂದಾರು. ಬಂದರೂ ತಪ್ಪಿಲ್ಲ ಅನ್ನಿ. ಒಂದೇ ಕೋಣೆಯ ಶಾಲೆ, ಅದರ ಜಗಲಿಯ ಒಂದು ಮೂಲೆಯೇ ಅಂಚೆ ಕಚೇರಿ. ಅದಕ್ಕೂ ನಾನೇ ದಿಕ್ಕು. ಅಂಚೆ ಚೀಲದ ಜೊತೆಗೆ ಕೊಯಿನಾ ಗುಳಿಗೆಯ, ಅಂದರೆ ಕ್ವಿನೈನಿನ, ಪೊಟ್ಟಣಗಳು ಬರುತ್ತಿದ್ದವು. ಚಳಿಜ್ವರ ಬಂದವರು ಕೇಳಿದರೆ ಕೊಡಬೇಕು. ಆಗ ಆ ಜ್ವರಕ್ಕೆ ಇದ್ದ ಮದ್ದು ಅದೊಂದೇ. ಹೀಗೆ ಪಾಠ, ಪತ್ರ, ಮದ್ದು ಮೂರೂ ಒಬ್ಬನ ಕುತ್ತಿಗೆಗೇ ಬಿದ್ದಿದ್ದವು. ಸಾಲದ್ದಕ್ಕೆ ಅದರ ಹಿಂದಿನ ವರ್ಷ ರೇಡಿಯೋ ಬಂದು ಕೂತಿತು.

ತಂದು ಒಪ್ಪಿಸಿದ ಅಧಿಕಾರಿ ಜಗಲಿಯ ಮೇಲೆ ನಿಂತು, "ಇದು ಹಾಡು ಕೇಳಿ ತಲೆದೂಗುವುದಕ್ಕೆ ಕೊಟ್ಟದ್ದಲ್ಲ ಮೇಷ್ಟ್ರೇ. ಜನಕ್ಕೆ ತಿಳಿವಳಿಕೆ ಬರಬೇಕು. ಆ ಜವಾಬ್ದಾರಿ ನಿಮ್ಮದು" ಅಂದರು. ನನಗೋ ಇಪ್ಪತ್ತಾರು ವಯಸ್ಸು. ಬಯಲುಸೀಮೆಯಿಂದ ಬಂದವನು, ದೇಶವನ್ನೇ ತಿದ್ದಿಬಿಡುವ ಹುರುಪು. ಬಿದಿರುಗಳನ್ನು ಕಟ್ಟಿ ಏರಿಯಲ್ ಏರಿಸಿದೆ. ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಲು ಬಂದವರನ್ನು ಗದರಿಸಿ ಕಳಿಸಿದೆ. ಮಂಗಳವಾರ ಮಂಗಳವಾರ ಸಂಜೆ ಆರೂವರೆಗೆ ಆರೋಗ್ಯದ ಭಾಷಣ. ಕುದಿಸಿದ ನೀರು, ಸಿಡುಬಿನ ಚುಚ್ಚುಮದ್ದು, ವಾಂತಿಭೇದಿ, ಎಲ್ಲಕ್ಕಿಂತ ಹೆಚ್ಚಾಗಿ ಮಲೇರಿಯಾ. ಕಾಫಿ ತೋಟದ ಸೀಮೆಗೆ ಆ ಜ್ವರವೇ ಯಮ. ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಿತೆಂದರೆ ಸರಿ, ಅದರ ಹಿಂದೆಯೇ ಚಳಿಜ್ವರ ಬಂತು ಅಂತ ಲೆಕ್ಕ. ಮುಂಗಾರು ಹಿಡಿದು ಹಳ್ಳಗಳೆಲ್ಲ ತುಂಬಿ ಹರಿಯುವ ತನಕ ಯಾರ ಮನೆಯಲ್ಲಿ ಯಾರು ಮಲಗುತ್ತಾರೋ ಹೇಳುವ ಹಾಗಿರಲಿಲ್ಲ.

ಮೊದಲ ತಿಂಗಳು ಆ ಭಾಷಣ ಕೇಳಿದವರು ಯಾರು? ಊರಿನ ನಾಲ್ಕು ಜನ ಅನುಕೂಲಸ್ಥರು. ಅವರು ಬರುತ್ತಿದ್ದದ್ದು ಯುದ್ಧದ ಸುದ್ದಿಗೆ. ಸೊಳ್ಳೆ ಪರದೆಯೊಳಗೆ ಮಲಗುವವರು ಕೂತು ಸೊಳ್ಳೆಯ ಭಾಷಣ ಕೇಳುತ್ತಿದ್ದರು. ಕಚ್ಚಿಸಿಕೊಳ್ಳುವ ಆಳುಗಳು ಆ ಹೊತ್ತಿಗೆ ಕಾಫಿ ತೋಟದ ಯಜಮಾನ ಸಣ್ಣೇಗೌಡರ ಬಂಗಲೆ ಅಂಗಳದಲ್ಲಿ ಸಾಲಾಗಿ ನಿಂತಿರುತ್ತಿದ್ದರು. ತೋಟದ ಕೆಲಸ ಬಿಟ್ಟ ಮೇಲೆ ರೈಟರು ಒಬ್ಬೊಬ್ಬರ ಹೆಸರು ಕೂಗಿ ಹಾಜರಿ ಹಾಕುವ ಪದ್ಧತಿ. ಅದು ಮುಗಿಯುವಷ್ಟರಲ್ಲಿ ಭಾಷಣವೂ ಮುಗಿದಿರುತ್ತಿತ್ತು. ನಾಲ್ಕು ವಾರ ನೋಡಿದೆ, ತಡೆಯಲಾಗಲಿಲ್ಲ. ಗೌಡರ ಬಂಗಲೆಗೆ ಹೋದೆ.

"ಗೌಡ್ರೇ, ಮಂಗಳವಾರ ಒಂದು ದಿನ ಹಾಜರಿಯನ್ನ ಅರ್ಧ ಗಂಟೆ ಮುಂಚೆ ಮುಗಿಸಿ."

"ಯಾಕ್ರೀ ಮೇಷ್ಟ್ರೇ? ನಿಮ್ಮ ರೇಡಿಯೋ ಬಂದು ನನ್ನ ತೋಟದ ಮರ ಹತ್ತಿ ಕೊಂಬೆ ಕಡಿದು ಮರಗಸಿ ಮಾಡ್ತದಾ?"

"ಅರ್ಧ ಆಳು ಚಳಿಜ್ವರ ಅಂತ ಮಲಗಿದ್ರೆ ಮರಗಸಿ ಮಾಡೋರು ಯಾರು ಗೌಡ್ರೇ?"

ಗೌಡರು ಎದ್ದು ಹೋಗಿ ಬಾಯಲ್ಲಿದ್ದ ಎಲೆಯಡಿಕೆ ಕವಳ ಉಗಿದು ಬಂದು ಕೂತರು. "ನಿಮ್ಮ ಬಾಯಿ ಬಲು ಜೋರು ಮಾರಾಯ್ರೆ. ಆಯ್ತು, ಬಿಡ್ತೇನೆ. ಆದ್ರೆ ನಮ್ಮ ಕೆಲಸದವ್ರಿಗೆ ಉಪದೇಶ ಹತ್ತಿದ್ದು ನಾನಂತೂ ಕಂಡಿಲ್ಲ."

ಹತ್ತಲಿಲ್ಲ, ನಿಜ. ತೋಟದ ಆಳುಗಳು ಸಾಲಾಗಿ ವಾಸವಿದ್ದ ಲೈನ್ ಮನೆಗಳಿಂದ ಮೂವತ್ತು ನಲವತ್ತು ಜನ ಬಂದು ಶಾಲೆಯ ಅಂಗಳದಲ್ಲಿ ಕೂರುತ್ತಿದ್ದರು. ಅವರು ಜಗಲಿ ಹತ್ತಬಾರದೆಂದು ಊರಿನವರ ಕಟ್ಟಳೆ. ಅದರ ಮೇಲೆ ಜಗಳಾಡಿ ಸೋತು, ಕೊನೆಗೆ ಪೆಟ್ಟಿಗೆಯನ್ನೇ ಅಂಗಳದ ಕಡೆ ತಿರುಗಿಸಿ ಇಟ್ಟೆ. "ರೇಡಿಯೋ ನಮಗೆ ಬೆನ್ನು ಹಾಕಿ ಕೂತಿದೆಯಲ್ಲ" ಅಂತ ಜಗಲಿಯ ಮೇಲಿನವರಿಗೆ ಅವಮಾನವಾಯಿತು. ಇಬ್ಬರು ಬರುವುದನ್ನೇ ಬಿಟ್ಟರು. ಹೋಗಲಿ, ಪೀಡೆ ತೊಲಗಿತು ಅಂದುಕೊಂಡೆ.

ಅಂಗಳದವರಲ್ಲಿ ಮೊದಲ ಸಾಲಿನವಳು ದೇಯಿ. ಘಟ್ಟದ ಕೆಳಗಿನಿಂದ ಗಂಡ ತನಿಯನ ಜೊತೆ ಬಂದು ಗೌಡರ ತೋಟದಲ್ಲಿ ಎಷ್ಟೋ ವರ್ಷದಿಂದ ಇದ್ದವಳು. ಲೈನಿನವರೆಲ್ಲ ಅವಳ ಮಾತು ಕೇಳುತ್ತಿದ್ದರು, ಆದ್ದರಿಂದ ನನ್ನ ದೊಡ್ಡ ಶತ್ರು ಅವಳೇ. ಭಾಷಣ ಪೂರ್ತಿ ಕೇಳಿ, ಎದ್ದು ಸೀರೆ ಕೊಡವಿಕೊಂಡು, "ಕೊಯಿನಾ ತಿಂದ್ರೆ ಕಿವಿ ಮುಚ್ಚಿ ಹೋಗ್ತದೆ ಮೇಷ್ಟ್ರೇ. ಜ್ವರ ಬಿಟ್ಟು ಕಿವಿ ಹೋದ್ರೆ ಎಂತ ಮಾಡುದು?" ಅನ್ನುತ್ತಿದ್ದಳು. ನಾನು ಬಲವಂತವಾಗಿ ಕೊಟ್ಟ ಪೊಟ್ಟಣಗಳನ್ನು ಒಯ್ದು ಬಾಳೆಗಿಡದ ಬುಡಕ್ಕೆ ಹಾಕಿದ್ದಳಂತೆ, ಹುಳ ಬರಬಾರದು ಅಂತ! ಕೇಳಿ ನನ್ನ ರಕ್ತ ಕುದಿಯಿತು. "ಬಾಳೆಗೆ ಜ್ವರ ಬಂದಿತ್ತೇನೇ?" ಅಂತ ಕೂಗಾಡಿದೆ. "ಬಾಳೆ ಚೆನ್ನಾಗಿ ಉಂಟು ಮೇಷ್ಟ್ರೇ" ಅಂದಳು. ಅಂಗಳವೆಲ್ಲ ನಕ್ಕಿತು.

ಅವಳ ಗಂಡ ತನಿಯ ಮಾತ್ರ ನನ್ನ ಕಡೆಯವನು. ರೇಡಿಯೋ ನಡೆಯುತ್ತಿದ್ದದ್ದು ಬ್ಯಾಟರಿಯಿಂದ. ಹದಿನೈದು ದಿನಕ್ಕೊಮ್ಮೆ ಆ ಬ್ಯಾಟರಿಯನ್ನು ಬಣಕಲ್‌ಗೆ ಒಯ್ದು, ಚಿಕ್ಕಮಗಳೂರಿಗೆ ಹೋಗುವ ಇದ್ದಿಲು ಗ್ಯಾಸಿನ ಬಸ್ಸಿಗೆ ಹಾಕಿ, ಚಾರ್ಜಾಗಿ ವಾಪಸು ಬಂದಾಗ ಹೊತ್ತು ತರಬೇಕು. ಆ ಕಲ್ಲಿನಂಥ ಭಾರವನ್ನು ಮೂರು ಮೈಲಿ ತಲೆಯ ಮೇಲೆ ಹೊತ್ತವನು ತನಿಯ. ನಾನು ಕೇಳಿದ್ದು ಒಂದೇ ಸಲ, ಆಮೇಲೆ ಅದು ತನ್ನದೇ ಕೆಲಸ ಅಂತ ಹಿಡಿದುಕೊಂಡ. ಆಸಿಡ್ ತುಳುಕಿ ಅವನ ತಲೆವಸ್ತ್ರ ತೂತು ತೂತಾಗಿತ್ತು. ಅದನ್ನೇ ಎಲ್ಲರಿಗೂ ತೋರಿಸಿ, "ನಾನು ಹೊರದಿದ್ರೆ ಆ ದೊಡ್ಡ ಮನುಷ್ಯ ಬಾಯಿ ಬಿಡ್ತಾನಾ?" ಅಂತ ಜಂಬ ಕೊಚ್ಚುತ್ತಿದ್ದ. ಭಾಷಣ ಮಾಡುವವರಿಗೆ ಅವನಿಟ್ಟ ಹೆಸರು ದೊಡ್ಡ ಮನುಷ್ಯ.

ಒಂದು ವರ್ಷ ಹೀಗೇ ಕಳೆಯಿತು. ನಾನು ಬಿಡಲಿಲ್ಲ. ಭಾಷಣದ ಪುಸ್ತಕದ ಮಾತನ್ನೆಲ್ಲ ಆಡುಮಾತಿಗೆ ಇಳಿಸಿ ಮತ್ತೆ ಹೇಳುತ್ತಿದ್ದೆ. ಕೊನೆಗೆ ಒಂದೇ ಮಾತು: "ನಾನು ಹೇಳಿದ್ದನ್ನ ನಂಬಬೇಡಿ. ರೇಡಿಯೋ ಸುಳ್ಳು ಹೇಳಲ್ಲ." ಎಷ್ಟು ಸಲ ಹೇಳಿದೆನೋ ದೇವರಿಗೇ ಗೊತ್ತು.

ಅದು ನಾಟಿತು ಅಂತ ಗೊತ್ತಾದದ್ದು ಗೌಡರು ಕೆಂಡದಂತೆ ಉರಿಯುತ್ತ ಶಾಲೆಗೇ ಬಂದಾಗ. ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ ಅಂತ ರೇಡಿಯೋ ಹೇಳಿತ್ತಲ್ಲ, ಲೈನಿನವರು ಒಂದು ಭಾನುವಾರ ಹಾರೆ ಗುದ್ದಲಿ ಹಿಡಿದು ಗೌಡರ ಪಲ್ಪರ್ ಮನೆಯ ಹಿಂದಿನ ಹೊಂಡವನ್ನೇ ಮುಚ್ಚಿಬಿಟ್ಟಿದ್ದರು. ಕಾಫಿ ಹಣ್ಣು ತೊಳೆದ ನೀರು ಹೋಗುವ ಹೊಂಡ!

"ಯಾರನ್ನ ಕೇಳಿ ಮುಚ್ಚಿದ್ರಿ ಅಂದ್ರೆ ರೇಡಿಯೋ ಹೇಳ್ತು ಅಂತಾರಲ್ರೀ! ತೋಟ ನಂದಾ, ರೇಡಿಯೋದ್ದಾ?"

ತಪ್ಪಾಯಿತು ಅಂತ ಕೈಮುಗಿದೆ. ಒಳಗೊಳಗೇ ಕುಣಿಯುತ್ತಿದ್ದೆ. ಮರುದಿನ ದೇಯಿ ತಾನೇ ಜಗಲಿಯ ಕೆಳಗೆ ಬಂದು ನಿಂತು ಕೈ ಒಡ್ಡಿದಳು. ಅವಳಿಗೆ ಚಳಿ ಹಿಡಿದಿತ್ತು. ನನ್ನೆದುರಿಗೇ ಗುಳಿಗೆ ಬಾಯಿಗೆ ಹಾಕಿ, ನೀರು ಕುಡಿದು, ಮುಖ ಹಿಂಡಿ, "ಥೂ, ನಿಮ್ಮ ರೇಡಿಯೋಕ್ಕೆ ಬೆಂಕಿ ಹಾಕ" ಅಂದಳು. ಆರು ದಿನ ತಪ್ಪದೆ ಬಂದು ತಿಂದಳು. ಜ್ವರ ಬಿಟ್ಟಿತು, ಕಿವಿ ಹೋಗಲಿಲ್ಲ. ಆಮೇಲೆ ಲೈನಿಗೆ ಲೈನೇ ಬಂತು. ಅಷ್ಟು ಸಂತೋಷದ ವಾರ ನನ್ನ ನೌಕರಿಯಲ್ಲಿ ಮತ್ತೊಂದಿಲ್ಲ.

ಒಂದೇ ವಾರ. ಮುಂದಿನ ಅಂಚೆ ಚೀಲದಲ್ಲಿ ಪೊಟ್ಟಣದ ಬದಲು ಒಂದು ಚೀಟಿ ಇತ್ತು. ಯುದ್ಧದ ನಿಮಿತ್ತ ಕ್ವಿನೈನ್ ಸರಬರಾಜು ಮುಂದಿನ ಆದೇಶದ ತನಕ ನಿಂತಿದೆ. ಆ ಗುಳಿಗೆ ಮಾಡುವ ಮರದ ತೊಗಟೆ ಜಾವಾದಿಂದ ಬರುತ್ತಿತ್ತಂತೆ, ಜಾವಾ ಈಗ ಜಪಾನಿನವರ ಕೈಯಲ್ಲಿ. ಕಾಫಿ ತೋಟದ ಆಳಿಗೂ ಜಪಾನಿಗೂ ಎಲ್ಲಿಂದೆಲ್ಲಿಯ ಸಂಬಂಧ ನೋಡಿ! ಇಷ್ಟು ವರ್ಷ ಮದ್ದಿತ್ತು, ತಿನ್ನುವವರಿರಲಿಲ್ಲ. ಈಗ ತಿನ್ನುವವರು ಸಾಲು ನಿಂತಿದ್ದಾರೆ, ಮದ್ದಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಅದಕ್ಕೂ ಹೀನಾಯ.

ಉಳಿದದ್ದನ್ನು ಹಂಚುತ್ತ ಬಂದೆ. ಕೊನೆಗೆ ಎರಡು ಪೊಟ್ಟಣ ಉಳಿದವು. ಆ ಹೊತ್ತಿಗೆ ನನ್ನ ಹೆಂಡತಿ ಲಲಿತಳಿಗೆ ಜ್ವರ ಶುರುವಾಗಿತ್ತು. ಮದುವೆಯಾಗಿ ಎರಡು ವರ್ಷ. ಬಯಲುಸೀಮೆಯ ಹುಡುಗಿ, ಮಲೆನಾಡಿನ ಜ್ವರ ಕಂಡವಳಲ್ಲ. ಒಂದು ದಿನ ಬಿಟ್ಟು ಒಂದು ದಿನ, ಮಧ್ಯಾಹ್ನದ ಹೊತ್ತಿಗೆ ಹಲ್ಲು ಕಟಕಟ ಅನ್ನುವ ಚಳಿ. ಇದ್ದಬದ್ದ ಕಂಬಳಿಯೆಲ್ಲ ಹೊದಿಸಿದರೂ ನಿಲ್ಲದು. ಆ ಎರಡು ಪೊಟ್ಟಣವನ್ನು ನಾನು ಅಂಚೆಯ ಅರಗಿನ ಡಬ್ಬದಲ್ಲಿ, ಅರಗಿನ ಕಡ್ಡಿಗಳ ಕೆಳಗೆ ಬಚ್ಚಿಟ್ಟೆ. ಅವಳು ಕೇಳಿದ್ದಲ್ಲ. ನಾನೇ ಮಾಡಿದ್ದು.

ಇತ್ತ ಮಂಗಳವಾರ ಬಂತು. ಹೂಮಳೆ ಆಗಿ ಎಂಟು ದಿನ, ಅಂಗಳ ತುಂಬ ಜನ. ರೇಡಿಯೋ ತನ್ನ ಪಾಡಿಗೆ ತಾನು ಶುರುಮಾಡಿತು: ಮಲೇರಿಯಾಕ್ಕೆ ಹೆದರಬೇಕಾಗಿಲ್ಲ, ನಿಮ್ಮ ಸಮೀಪದ ಅಂಚೆ ಕಚೇರಿಯಲ್ಲಿ ಕ್ವಿನೈನ್ ದೊರೆಯುತ್ತದೆ, ಸಂಕೋಚಪಡದೆ ಕೇಳಿ ಪಡೆಯಿರಿ. ಹಿಂದಿನ ವರ್ಷದ ಬರಹವನ್ನೇ ಯಾರೋ ಮತ್ತೆ ಓದುತ್ತಿದ್ದರು. ನಲವತ್ತು ಮುಖ ಒಟ್ಟಿಗೆ ನನ್ನ ಕಡೆ ತಿರುಗಿದವು. ಇಲ್ಲ, ಬಂದಿಲ್ಲ, ಯುದ್ಧ ಅಂದೆ. ಒಬ್ಬೊಬ್ಬರಾಗಿ ಎದ್ದು ಹೋದರು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಕೂತು ರೇಡಿಯೋ ಕಚೇರಿಗೆ ಕಾಗದ ಬರೆದೆ. ಇಲ್ಲಿ ನನ್ನ ಮೂರ್ಖತನ ಹೇಳಲೇಬೇಕು. ನಮಗೆಲ್ಲ ಆಗ ಕಲಿಸಿದ್ದೇ ಹಾಗೆ: ದೊಡ್ಡ ಕಚೇರಿಗೆ ಬರೆಯುವಾಗ ಮೊದಲು ಸ್ತೋತ್ರ, ಆಮೇಲೆ ಕೃತಜ್ಞತೆ, ಕಟ್ಟಕಡೆಗೆ ಅರಿಕೆ. ಒಂದು ಹಾಳೆ ತುಂಬ ತಮ್ಮ ಭಾಷಣಮಾಲೆಯಿಂದ ಈ ಕಾಡುಪ್ರದೇಶದ ಜನ ಎಷ್ಟು ಜಾಗೃತರಾಗಿದ್ದಾರೆ ಅಂತ ಹೊಗಳಿದೆ. ಹೊಂಡ ಮುಚ್ಚಿದ ಕಥೆ ಬರೆದೆ. ಎರಡನೇ ಹಾಳೆಯ ಹಿಂಬದಿಯಲ್ಲಿ, ಕೊನೆಯ ನಾಲ್ಕು ಸಾಲಿನಲ್ಲಿ, ಕ್ವಿನೈನ್ ಎಲ್ಲಿಯೂ ಸಿಗುತ್ತಿಲ್ಲವಾದ್ದರಿಂದ ಆ ಮಾತನ್ನು ಕೃಪೆಮಾಡಿ ಬಿಡಬೇಕು, ಮದ್ದಿಲ್ಲದಾಗ ಜನ ಏನು ಮಾಡಬೇಕೆಂದು ತಿಳಿಸಬೇಕು ಅಂತ ಬೇಡಿಕೊಂಡೆ.

ಹತ್ತು ದಿನಕ್ಕೆ ಕಾರ್ಡು ಬಂತು. ತಮ್ಮ ಮೆಚ್ಚುಗೆಯ ಪತ್ರ ತಲುಪಿ ಸಂತೋಷವಾಯಿತು, ತಮ್ಮ ಅಪೇಕ್ಷೆಯಂತೆ ಸದರಿ ಭಾಷಣವನ್ನು ಬರುವ ಮಂಗಳವಾರ ಪುನಃ ಪ್ರಸಾರ ಮಾಡಲಾಗುವುದು! ಓದಿದವರು ಮೊದಲ ಹಾಳೆಗೇ ನಿಲ್ಲಿಸಿದ್ದರು. ಕಾರ್ಡನ್ನು ಹರಿದು ಒಲೆಗೆ ಹಾಕಿದೆ. ಒಲೆಯ ಮುಂದೆ ಕೂತು ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ಆ ವಾರ ತನಿಯನಿಗೂ ಜ್ವರ. ನನಗೆ ಗೊತ್ತಿತ್ತು. ಬ್ಯಾಟರಿ ಕೂಡ ಸತ್ತು ಚಿಕ್ಕಮಗಳೂರಿಗೆ ಹೋಗಿತ್ತು. ತರಲಿಕ್ಕೆ ಯಾರಿಗೂ ಹೇಳಲಿಲ್ಲ. ಒಳ್ಳೆಯದೇ ಆಯಿತು, ಮಂಗಳವಾರ ಈ ಪೆಟ್ಟಿಗೆ ಬಾಯಿ ಮುಚ್ಚಿಕೊಂಡಿರಲಿ ಅಂದುಕೊಂಡೆ. ಆದರೆ ಮಂಗಳವಾರ ಸಂಜೆ ಐದು ಗಂಟೆಗೆ ನೋಡುತ್ತೇನೆ, ತನಿಯ ಬ್ಯಾಟರಿ ಹೊತ್ತು ಏರು ಹತ್ತಿ ಬರುತ್ತಿದ್ದಾನೆ! ಕಣ್ಣು ಹಳದಿ, ಕಾಲು ನಡುಗುತ್ತಿದೆ. ಅವತ್ತು ಅವನಿಗೆ ಜ್ವರ ಬಿಡುವು ಕೊಟ್ಟ ದಿನ.

"ಯಾರೋ ನಿಂಗೆ ಹೇಳಿದ್ದು?" ಅಂತ ಕಿರುಚಿದೆ.

"ಮಂಗಳವಾರ ಅಲ್ವಾ ಮೇಷ್ಟ್ರೇ. ಜನ ಕಾಯ್ತದೆ" ಅಂದ. ಇಳಿಸಿ ಅಲ್ಲೇ ನೆಲಕ್ಕೆ ಕೂತ.

ಜೋಡಿಸದೆ ಬಿಡಬಹುದಿತ್ತು. ಅಂಗಳ ತುಂಬುತ್ತಿತ್ತು, ಅವನು ನನ್ನ ಕೈಯನ್ನೇ ನೋಡುತ್ತಿದ್ದ. ಜೋಡಿಸಿದೆ. ರೇಡಿಯೋ ಬಿಸಿಯಾಯಿತು, ವಾಸನೆ ಎದ್ದಿತು, ಮಾತು ಬಂತು: ಬಣಕಲ್ ಸಮೀಪದ ಶಾಲೆಯ ಉಪಾಧ್ಯಾಯರೊಬ್ಬರ ಅಪೇಕ್ಷೆಯ ಮೇರೆಗೆ ಮಲೇರಿಯಾ ಕುರಿತ ಭಾಷಣ. ಅಂಗಳದಲ್ಲಿ ಗುಲ್ಲೋ ಗುಲ್ಲು. "ನಮ್ಮ ಮೇಷ್ಟ್ರು! ನಮ್ಮ ಮೇಷ್ಟ್ರು ಹೇಳ್ಸಿದ್ದು!" ಜಗಲಿಯ ಮೇಲಿದ್ದ ಗೌಡರು ಕೂಡ, "ಭೇಷ್ ಕಣ್ರೀ ಮೇಷ್ಟ್ರೇ, ನಿಮ್ಮ ಮಾತು ಅಲ್ಲಿ ತನಕ ನಡೀತದಲ್ಲ" ಅಂದರು. ನಾನು ತಲೆ ತಗ್ಗಿಸಿ ಕೂತೆ. ರೇಡಿಯೋ ನಿಲ್ಲಿಸದೆ ಹೇಳಿತು, ನಿಮ್ಮ ಸಮೀಪದ ಅಂಚೆ ಕಚೇರಿಯಲ್ಲಿ ದೊರೆಯುತ್ತದೆ, ಸಂಕೋಚಪಡದೆ ಕೇಳಿ ಪಡೆಯಿರಿ.

ಎಲ್ಲ ಹೋದ ಮೇಲೆ ದೇಯಿ ಉಳಿದಳು. ತನಿಯ ಗೋಡೆಗೆ ಒರಗಿ ಕೂತಿದ್ದ.

"ಇವರಿಗೆ ಐದನೇ ಸರ್ತಿ ಚಳಿ ಬಂದದ್ದು ಮೇಷ್ಟ್ರೇ. ಎರಡು ಗುಳಿಗೆ ಆದ್ರೂ ಕೊಡಿ."

"ಇಲ್ಲ ದೇಯಿ. ಬಂದಿಲ್ಲ ಅಂತ ಹೇಳಿದೆನಲ್ಲ."

"ಉಂಟು ಅಂತ ಈಗಷ್ಟೇ ಹೇಳಿತಲ್ಲ. ರೇಡಿಯೋ ಸುಳ್ಳು ಹೇಳುದಿಲ್ಲ ಅಂತ ನೀವೇ ಹೇಳಿದ್ದು."

"ಅವರಿಗೆ ಗೊತ್ತಿಲ್ಲ. ಅಲ್ಲಿ ಕೂತವರಿಗೆ ಇಲ್ಲಿಯದು ಏನು ಗೊತ್ತು? ಇಲ್ಲ ಅಂದ್ರೆ ಇಲ್ಲ!" ಅಂತ ರೇಗಿದೆ. ಅರಗಿನ ಡಬ್ಬ ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಅದರಲ್ಲಿ ಆಗ ಒಂದು ಪೊಟ್ಟಣ ಪೂರ್ತಿ, ಇನ್ನೊಂದರಲ್ಲಿ ಅರ್ಧ. ಶಾಲೆಯ ಗೋಡೆಗೆ ಅಂಟಿದ್ದ ನಮ್ಮ ಬಿಡಾರದಿಂದ ಲಲಿತ ನರಳುವುದು ಕೇಳಿಸುತ್ತಿತ್ತು. ನಿಲ್ಲಿಸಿದರೆ ಇವಳಿಗೆ ಜ್ವರ ಮತ್ತೆ ತಿರುಗುತ್ತದೆ, ಗುಳಿಗೆ ಪೂರ್ತಿ ತಿಂದರೇ ಗುಣ ಅಂತ ರೇಡಿಯೋನೇ ಹೇಳಿತ್ತು. ಹಂಚಿದರೆ ಇಬ್ಬರಿಗೂ ಆಗುವುದಿಲ್ಲ ಅಂತ ನನಗೆ ನಾನೇ ಲೆಕ್ಕ ಒಪ್ಪಿಸಿದೆ. ದೇಯಿ ಗಂಡನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋದಳು.

ಮರುದಿನ ಗೌಡರಲ್ಲಿಗೆ ಓಡಿದೆ, ಅವರು ಗಾಡಿ ಕಟ್ಟಿಸಿ ತನಿಯನನ್ನು ಡಾಕ್ಟರ ಹತ್ತಿರ ಕಳಿಸಿದರು. ಅಲ್ಲೂ ಕೊಯಿನಾ ಇರಲಿಲ್ಲ, ಯಾವುದೋ ನೀರುಮದ್ದು ಕೊಟ್ಟು ಕಳಿಸಿದರು. ಜ್ವರ ತಲೆಗೇರಿತು. ಮುಂದಿನ ಮಂಗಳವಾರದ ಹೊತ್ತಿಗೆ ತನಿಯ ಇರಲಿಲ್ಲ. ಬ್ಯಾಟರಿ ತರುವವರೂ ಇಲ್ಲದೆ ರೇಡಿಯೋ ಸುಮ್ಮನಾಯಿತು. ಸುಮ್ಮನಾದ ಪೆಟ್ಟಿಗೆಯನ್ನು ನೋಡಿದಾಗೆಲ್ಲ ಬೈಯುತ್ತಿದ್ದೆ. ರೇಡಿಯೋ ಕಚೇರಿಯವರನ್ನು, ಜಪಾನಿನವರನ್ನು, ಸರ್ಕಾರವನ್ನು. ಬೈಯುವುದಕ್ಕೆ ಜನ ಬೇಕಾದಷ್ಟಿದ್ದರು.

ಲಲಿತಳಿಗೆ ಜ್ವರ ಬಿಟ್ಟಿತು. ಎದ್ದು ಓಡಾಡಿದಳು. ಮೊದಲ ಮುಂಗಾರು ಮಳೆ ಬಿದ್ದು ಬಿಟ್ಟ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದಳು. ನಾನು ಜಗಲಿಯ ಮೇಲೆ ಅಂಚೆ ವಿಂಗಡಿಸುತ್ತಿದ್ದೆ. ದೇಯಿ ತೋಟಕ್ಕೆ ಹೋಗುವ ದಾರಿಯಲ್ಲಿ ನಿಂತು ಅವಳನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಜಗಲಿಯ ಕೆಳಗೆ ಬಂದಳು.

"ಅಮ್ಮನಿಗೆ ಜ್ವರ ಬಿಟ್ಟಿತಲ್ಲ ಮೇಷ್ಟ್ರೇ. ಒಳ್ಳೇದಾಯ್ತು. ಎಂತ ಮದ್ದು ಮಾಡಿದ್ರಿ?"

ಅವಳ ಮುಖ ನೋಡಿದೆ. ವ್ಯಂಗ್ಯವಿರಲಿಲ್ಲ. ಚುಚ್ಚುವ ಉದ್ದೇಶ ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಕಷಾಯ" ಅಂದೆ. "ಯಾವುದೋ ಬೇರಿನ ಕಷಾಯ."

"ಹೌದಾ?" ಅಂದಳು. ಜಗಲಿಯ ಮೇಲಿನ ಪೆಟ್ಟಿಗೆಯ ಕಡೆ ಕೈ ತೋರಿಸಿದಳು. "ನಂದು ಹೋಯ್ತು ಬಿಡಿ. ಲೈನಿನಲ್ಲಿ ಇನ್ನೂ ನಾಲ್ಕು ಜನ ಮಲಗಿದ್ದಾರೆ. ಬ್ಯಾಟರಿ ನಾನು ಹೊತ್ತು ತರ್ತೇನೆ. ಅದು ಯಾವ ಬೇರು ಅಂತ ನೀವು ರೇಡಿಯೋದಲ್ಲಿ ಹೇಳ್ಸಿ ಮೇಷ್ಟ್ರೇ. ನಿಮ್ಮ ಮಾತು ಅವರು ಕೇಳ್ತಾರಲ್ಲ."